ಸೊನ್ನೆ ತೋರಿಸಿದ ಕೆರೆ ನೀರು: ಮನೆಯಲ್ಲೇ ಕ್ರೋಮಿಯಂ ಮೀಟರ್ ಕಟ್ಟಿದ ಲೆಕ್ಕ

ನಾನು ಯುಪಿಎಸ್ ರಿಪೇರಿ ಮಾಡುವವನು. ಊರು ಕೆಜಿಎಫ್, ಕೆಲಸ ಬೆಂಗಳೂರು. ಅಕ್ಕನನ್ನು ಕೊಟ್ಟಿರುವುದು ತಮಿಳುನಾಡಿನ ರಾಣಿಪೇಟೆಗೆ. ಜೂನ್‌ನಲ್ಲಿ ಅವಳ ಮನೆಗೆ ಹೋದಾಗ ಊರ ಕೆರೆ ತೋರಿಸಿ, "ಊರಲ್ಲಿರೋ ಯುಪಿಎಸ್ಸೆಲ್ಲಾ ರಿಪೇರಿ ಮಾಡ್ತೀಯ, ಈ ನೀರಲ್ಲಿ ಏನಿದೆ ಅಂತ ಒಂದ್ಸಲ ನೋಡೋಕಾಗಲ್ವಾ?" ಅಂದಳು. ಆಗುತ್ತೆ ಅಂದುಬಿಟ್ಟೆ. ಆಮೇಲೆ ಐದು ತಿಂಗಳು ಹಿಡಿಯಿತು.

ರಾಣಿಪೇಟೆ ಗೊತ್ತಿಲ್ಲದವರಿಗೆ ಎರಡು ಮಾತು. ಅಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳು ಜಾಸ್ತಿ. ಅವಕ್ಕೆ ಬೇಕಾದ ಕ್ರೋಮಿಯಂ ಲವಣ ತಯಾರಿಸುತ್ತಿದ್ದ ಒಂದು ಕಾರ್ಖಾನೆ 1990ರ ದಶಕದಲ್ಲಿ ಮುಚ್ಚಿತು. ಅದರ ಕಸ ಅಲ್ಲೇ ಉಳಿಯಿತು, ಒಂದೂವರೆ ಲಕ್ಷ ಟನ್‌ಗೂ ಹೆಚ್ಚು. ಕ್ರೋಮಿಯಂ ಅದಿರನ್ನು ಸೋಡಾ, ಸುಣ್ಣದ ಜೊತೆ ಹುರಿದರೆ ನೀರಲ್ಲಿ ಕರಗುವ ಕ್ರೋಮೇಟ್ ಆಗುತ್ತದೆ. ಅದನ್ನು ತೊಳೆದು ತೆಗೆದ ಮೇಲೂ ಕಸದಲ್ಲಿ ಸ್ವಲ್ಪ ಉಳಿಯುತ್ತದೆ. ಮಳೆ ಬಂದಾಗ ಹಳದಿ ನೀರಾಗಿ ಇಳಿಯುತ್ತದೆ. 2006ರಲ್ಲಿ ಬ್ಲ್ಯಾಕ್‌ಸ್ಮಿತ್ ಇನ್‌ಸ್ಟಿಟ್ಯೂಟ್ ಅನ್ನುವ ಅಮೆರಿಕದ ಪರಿಸರ ಸಂಸ್ಥೆ ಪಟ್ಟಿ ಮಾಡಿದ ಜಗತ್ತಿನ ಹತ್ತು ಅತಿ ಮಲಿನ ಜಾಗಗಳಲ್ಲಿ ಚೆರ್ನೊಬಿಲ್ ಜೊತೆ ರಾಣಿಪೇಟೆಯೂ ಇತ್ತು. ಆ ರಾಶಿ ತೆಗೆಯುವ ಮಾತು ವರ್ಷಗಳಿಂದ ನಡೆಯುತ್ತಲೇ ಇದೆ.

ನನಗೆ ಇನ್ನೊಂದು ನಂಟೂ ಇತ್ತು. ರಾಣಿಪೇಟೆ ಪಕ್ಕದಲ್ಲಿ ಹರಿಯುವ ಪಾಲಾರ್ ಹುಟ್ಟುವುದು ನಮ್ಮ ನಂದಿಬೆಟ್ಟದ ಕಡೆ. ಕೆಜಿಎಫ್‌ಗೆ ನೀರು ಕೊಟ್ಟ ಬೇತಮಂಗಲ ಕೆರೆ ಅದೇ ಪಾಲಾರ್‌ನದು. ಹಾಗಾಗಿ ಹೋಲಿಸಿ ನೋಡಲು ಬೇತಮಂಗಲದ ನೀರು ತೆಗೆದುಕೊಳ್ಳೋಣ ಅಂದುಕೊಂಡೆ.

ಅಕ್ಕನ ಊರ ಕೆರೆ ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಮನೆಯಲ್ಲಿ ಕಟ್ಟಿದ ಮೀಟರ್, ಎರಡು ಸಲದ ನೀರು. ಇಷ್ಟನ್ನು ಇಟ್ಟುಕೊಂಡು ಒಂದು ಊರಿಗೆ ಹೆಸರು ಹಚ್ಚುವುದು ಬೇಡ.

ಹಂತ 1: ಜುಲೈ 6, 2024. ಯಾವ ಲೋಹ, ಯಾವ ದಾರಿ

ಮೊದಲು ಮಾಡಿದ್ದು ದಡ್ಡತನ. "ಎಲ್ಲ ಲೋಹ ತೋರಿಸುತ್ತೆ" ಅಂತ ಮಾರುವ ಅದ್ದಿ ನೋಡುವ ಪಟ್ಟಿ ತರಿಸಿದೆ, 640 ರೂ. ನಲ್ಲಿ ನೀರು, ಕೆರೆ ನೀರು, ಟೀ ಡಿಕಾಕ್ಷನ್, ಮೂರಕ್ಕೂ ಒಂದೇ ಬಣ್ಣ. ಎಸೆದೆ.

ಕೆಜಿಎಫ್‌ನಲ್ಲಿ ಪಿಯು ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರೊಬ್ಬರು ಪರಿಚಯ. ಅವರು ಹೇಳಿದರು: "ಎಲ್ಲಾ ಹುಡುಕಬೇಡಪ್ಪ. ಅಲ್ಲಿ ಇರೋದು ಕ್ರೋಮಿಯಂ. ಅದರಲ್ಲೂ ಕ್ರೋಮಿಯಂ-6. ಅದೊಂದನ್ನೇ ಸರಿಯಾಗಿ ನೋಡು." ಎರಡೂ ಅದೇ ಲೋಹದ ಬೇರೆ ಬೇರೆ ರೂಪ. ಕ್ರೋಮಿಯಂ-3 ಅಷ್ಟು ತೊಂದರೆ ಕೊಡುವುದಿಲ್ಲ. ಕ್ರೋಮಿಯಂ-6 ವಿಷ, ಕ್ಯಾನ್ಸರ್ ತರುತ್ತದೆ, ನೀರಲ್ಲಿ ಸಲೀಸಾಗಿ ಓಡಾಡುತ್ತದೆ. ಡೈಫಿನೈಲ್‌ಕಾರ್ಬಜೈಡ್ ಅನ್ನುವ ಪುಡಿ ಹಾಕಿದರೆ ಕ್ರೋಮಿಯಂ-6 ಇರುವ ಹುಳಿ ನೀರು ನೇರಳೆ ಕೆಂಪಾಗುತ್ತದೆ. ಎಷ್ಟು ಕೆಂಪೋ ಅಷ್ಟು ಕ್ರೋಮಿಯಂ. ಆ ಕೆಂಪು ಬಣ್ಣ ಹಸಿರು ಬೆಳಕನ್ನು ತಿನ್ನುತ್ತದೆ, ತರಂಗದ ಉದ್ದ 540 ನ್ಯಾನೊಮೀಟರ್ ಹತ್ತಿರ. ಅಂದರೆ ಹಸಿರು ಎಲ್‌ಇಡಿ, ಬೆಳಕು ಅಳೆಯುವ ಸೆನ್ಸರ್, ನಡುವೆ ನೀರು. ಇದು ನನ್ನ ಕೈಗೆ ಸಿಗುವ ಕೆಲಸ.

ಗುರಿ: ಕುಡಿಯುವ ನೀರಿಗೆ ನಮ್ಮ ಐಎಸ್ 10500 ಮಾನದಂಡದಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಮೀಟರ್‌ಗೆ ಅಷ್ಟು ಕಾಣಲೇಬೇಕು.

ಹಂತ 2: ಜುಲೈ 14. ಪೆಟ್ಟಿಗೆ

ಎಸ್.ಪಿ. ರೋಡ್‌ನಲ್ಲಿ ತಂದದ್ದು: ಸೆನ್ಸರ್ ಓದುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊ ನ್ಯಾನೊ (ನಕಲು) 320, ಬಿಎಚ್1750 ಬೆಳಕಿನ ಸೆನ್ಸರ್ 190, 525 ನ್ಯಾನೊಮೀಟರ್‌ನ ಹಸಿರು ಎಲ್‌ಇಡಿ ಮತ್ತು ರೆಸಿಸ್ಟರ್‌ಗಳು 30. ಎಲ್‌ಇಡಿಗೆ 220 ಓಮ್ ಹಾಕಿದೆ, ಸುಮಾರು 8 ಮಿಲಿಆಂಪ್.

ಮೊದಲನೆಯದು ಗುಂಡು ಟೆಸ್ಟ್ ಟ್ಯೂಬ್ ಇಟ್ಟು ಮಾಡಿದೆ. ಟ್ಯೂಬ್ ಸ್ವಲ್ಪ ತಿರುಗಿದರೆ ರೀಡಿಂಗ್ ನೂರು ಲಕ್ಸ್ (ಬೆಳಕಿನ ಅಳತೆ) ಆಚೀಚೆ. ಗುಂಡು ಗಾಜು ಲೆನ್ಸ್ ಥರ ಕೆಲಸ ಮಾಡುತ್ತೆ ಅಂತ ತಲೆಗೆ ಹೊಳೆಯಲು ಒಂದು ಸಂಜೆ ಬೇಕಾಯಿತು.

ಎರಡನೆಯದು 10 ಮಿಲಿಮೀಟರ್‌ನ ಚೌಕ ಪ್ಲಾಸ್ಟಿಕ್ ಕ್ಯೂವೆಟ್, ಅಂದರೆ ಬೆಳಕು ಹಾಯಿಸಿ ನೋಡುವ ಪುಟ್ಟ ಡಬ್ಬಿ. ಅಲುಗಾಡಲಿಲ್ಲ. ಆದರೆ 0.05 ಮಿಲಿಗ್ರಾಂಗೆ ಬೆಳಕು ಕಡಿಮೆ ಆಗುವುದು ನೂರಕ್ಕೆ ಏಳೆಂಟು ಪಾಲು ಮಾತ್ರ. ಬೆರಳಿನ ಗುರುತು ಬಿದ್ದರೂ ಅಷ್ಟು ಆಗುತ್ತೆ.

ಮೂರನೆಯದೇ ನಿಂತದ್ದು. ಬೆಳಕು ನೀರಲ್ಲಿ ಹಾದುಹೋಗುವ ದಾರಿ ಉದ್ದ ಮಾಡಿದೆ. ಒಳಗೆ 16 ಮಿಲಿಮೀಟರ್ ಅಗಲದ ಪಿವಿಸಿ ಪೈಪನ್ನು ಸರಿಯಾಗಿ 50 ಮಿಲಿಮೀಟರ್ ಕತ್ತರಿಸಿ, ಎರಡು ತುದಿಯನ್ನೂ ಮರಳು ಕಾಗದದ ಮೇಲೆ ಉಜ್ಜಿ ಸಮ ಮಾಡಿ, ಮೈಕ್ರೋಸ್ಕೋಪ್ ಗಾಜಿನ ಚೂರು ಸಿಲಿಕಾನ್‌ನಿಂದ ಅಂಟಿಸಿದೆ. ಮೇಲೆ 5 ಮಿಲಿಮೀಟರ್ ತೂತು, ಸಿರಿಂಜ್‌ನಿಂದ ನೀರು ತುಂಬಲು. 10 ಮಿಲಿಲೀಟರ್ ಹಿಡಿಯುತ್ತದೆ. 24 ಗಂಟೆ ಒಣಗಿಸಿ ಅಂದಿದ್ದರು, ನಾನು ಆರು ಗಂಟೆಗೇ ನೀರು ತುಂಬಿದೆ. ಸೋರಿ ಸೆನ್ಸರ್ ಮೇಲೆ ಬಿತ್ತು. ಪುಣ್ಯಕ್ಕೆ ಬರೀ ನೀರು. ಮತ್ತೆ ಅಂಟಿಸಿ ಎರಡು ದಿನ ಮುಟ್ಟಲಿಲ್ಲ. ಪೈಪು, ಗಾಜು, ಸಿಲಿಕಾನ್, ಎಲ್ಲ ಸೇರಿ 240.

ಎಲ್‌ಇಡಿ ಹಚ್ಚಿದ ತಕ್ಷಣ ಓದಬಾರದು. ಬಿಸಿಯಾಗುತ್ತಾ ಬೆಳಕು ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟರೆ ನಿಲ್ಲುತ್ತದೆ.

ಹಂತ 3: ಜುಲೈ 21. ಬಣ್ಣದ ಪುಡಿ ಮತ್ತು ಅಳತೆಗೋಲು

ಡೈಫಿನೈಲ್‌ಕಾರ್ಬಜೈಡ್ ಸಣ್ಣ ಬಾಟಲಿ 780, ಅಸಿಟೋನ್ 150. 0.25 ಗ್ರಾಂ ಪುಡಿಯನ್ನು 50 ಮಿಲಿಲೀಟರ್ ಅಸಿಟೋನ್‌ನಲ್ಲಿ ಕರಗಿಸಬೇಕು. ನಾನು ಅದನ್ನು ಅಡುಗೆಮನೆಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದೆ. ಐದು ನಿಮಿಷದಲ್ಲಿ ಡಬ್ಬಿ ಮಂಜಾಗಿ, ತಳ ಮೆತ್ತಗಾಯಿತು. ಅಸಿಟೋನ್‌ಗೆ ಗಾಜಿನ ಬಾಟಲಿಯೇ ಬೇಕು, ಅದೂ ಕಂದು ಬಣ್ಣದ್ದು. ಕೆಮ್ಮಿನ ಔಷಧಿಯ ಗಾಜಿನ ಸೀಸೆ ತೊಳೆದು ಬಳಸಿದೆ. ಹೊರಗಿಟ್ಟರೆ ಕೆಲವೇ ದಿನಕ್ಕೆ ಕಂದಾಗುತ್ತದೆ, ಆಗ ಚೆಲ್ಲಬೇಕು. ಫ್ರಿಜ್‌ನಲ್ಲಿ ಇಟ್ಟೆ. ಅಮ್ಮ ಬಾಗಿಲು ತೆಗೆದು, "ದೋಸೆ ಹಿಟ್ಟಿನ ಪಕ್ಕ ಇದೇನೋ ಇದು?" ಅಂದರು. ಅವರು ಹೇಳಿದ್ದೇ ಸರಿ. ಅವತ್ತೇ 350 ರೂಪಾಯಿಯ ಐಸ್ ಡಬ್ಬಿ ಕೊಂಡೆ, ಅದಕ್ಕೇ ಅಂತ.

ಎಷ್ಟು ಕ್ರೋಮಿಯಂಗೆ ಎಷ್ಟು ಬಣ್ಣ ಅಂತ ತಿಳಿಯುವ ಅಳತೆಗೋಲಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಬೇಕು. ಅದು ಕಾಲೇಜು ಲ್ಯಾಬಿನಲ್ಲಿ ಸದಾ ಇರುವ ಕಿತ್ತಳೆ ಹರಳು. ಮೇಷ್ಟ್ರು ಎದುರಿಗೇ ನಿಂತು, ಗ್ಲೌಸ್ ಹಾಕಿಸಿ, ಅಲ್ಲೇ ತೂಗಿಸಿದರು. ನನ್ನ 450 ರೂಪಾಯಿಯ ಪಾಕೆಟ್ ತಕ್ಕಡಿ 0.01 ಗ್ರಾಂವರೆಗೆ ಮಾತ್ರ ತೋರಿಸುತ್ತದೆ. 0.14 ಗ್ರಾಂ ತೂಗಿದರೆ ನೂರಕ್ಕೆ ಏಳು ತಪ್ಪು. ಅದಕ್ಕೆ 1.41 ಗ್ರಾಂ ತೂಗಿ 500 ಮಿಲಿಲೀಟರ್ ಮಾಡಿದೆ. ಅದು ಲೀಟರಿಗೆ ಸುಮಾರು 1000 ಮಿಲಿಗ್ರಾಂ ಕ್ರೋಮಿಯಂ. ಅದರಲ್ಲಿ 1 ಮಿಲಿಲೀಟರ್ ತೆಗೆದು 100 ಮಾಡಿದರೆ 10 ಮಿಲಿಗ್ರಾಂ. ಅದನ್ನು ಮತ್ತೆ ತೆಳು ಮಾಡುತ್ತಾ ಕೆಳಗಿಳಿಯುವುದು.

ತೂಕ ಸರಿಯಾಯಿತು. ಆದರೆ ಇದು ನನ್ನ ದೊಡ್ಡ ತಪ್ಪುಗಳಲ್ಲಿ ಒಂದು. ನನಗೆ ಬೇಕಿದ್ದದ್ದು ಹತ್ತು ಮಿಲಿಲೀಟರ್. ಉಳಿದದ್ದು ಅರ್ಧ ಲೀಟರ್ ಅಪ್ಪಟ ವಿಷ. ಲ್ಯಾಬಿನ ಒಳ್ಳೆ ತಕ್ಕಡಿಯಲ್ಲಿ ಸ್ವಲ್ಪವೇ ತೂಗಿಸಿಕೊಳ್ಳಿ ಅಂತ ಕೇಳಿದ್ದರೆ ಮುಗಿದಿತ್ತು. ನನ್ನ ತಕ್ಕಡಿಯಲ್ಲೇ ತೂಗಬೇಕು ಅನ್ನುವ ಹಟ.

ಪರೀಕ್ಷೆ ಹೀಗೆ: 50 ಮಿಲಿಲೀಟರ್ ನೀರು, ತೆಳು ಗಂಧಕಾಮ್ಲ ಹನಿ ಹನಿಯಾಗಿ ಹಾಕಿ ಪಿಎಚ್ (ಹುಳಿಯ ಅಳತೆ) 2ಕ್ಕೆ ತರುವುದು, 1 ಮಿಲಿಲೀಟರ್ ಬಣ್ಣದ ದ್ರಾವಣ, ಹತ್ತು ನಿಮಿಷ ಕಾಯುವುದು, ಓದುವುದು. ಬಂದ ಲಕ್ಸ್:

0 ಮಿಲಿಗ್ರಾಂ: 2140
0.05: 1522
0.1: 1095
0.2: 581
0.5: 141

ಖಾಲಿ ನೀರಿನ (ಕ್ರೋಮಿಯಂ ಹಾಕದ್ದು) ಲಕ್ಸನ್ನು ಮಾದರಿಯ ಲಕ್ಸಿನಿಂದ ಭಾಗಿಸಿ ಲಾಗ್ ತೆಗೆದರೆ 0.148, 0.291, 0.566, 1.18. 0.2ರವರೆಗೆ ಹೆಚ್ಚುಕಡಿಮೆ ನೇರ ಗೆರೆ. 0.5ರಲ್ಲಿ ಬಾಗಿತು. ಎಲ್‌ಇಡಿ ಬೆಳಕು ಒಂದೇ ಬಣ್ಣದ್ದಲ್ಲ, ಪಕ್ಕದ ಬಣ್ಣವೂ ಸೇರಿರುತ್ತದೆ, ಅದಕ್ಕೆ. 0.2 ದಾಟಿದರೆ ನೀರು ಬೆರೆಸಿ ಮತ್ತೆ ಓದುವುದು ಅಂತ ಗೋಡೆಗೆ ಚೀಟಿ ಅಂಟಿಸಿದೆ. ಕೆಳಗೆ 0.02ಕ್ಕಿಂತ ಕಡಿಮೆಯನ್ನು ನಂಬುವುದಿಲ್ಲ ಅಂತಲೂ ಬರೆದೆ. ಖಾಲಿ ನೀರನ್ನೇ ಐದು ಸಲ ಮಾಡಿದಾಗ ಅಷ್ಟು ಏರುಪೇರು ಕಾಣುತ್ತಿತ್ತು.

ಆ ದಿನ ತುಂಬಾ ಖುಷಿಯಾಗಿದ್ದೆ.

ಹಂತ 4: ಆಗಸ್ಟ್ 10. ಮೊದಲ ಸಲ ನೀರು ಹಿಡಿದದ್ದು

ಬಂಗಾರಪೇಟೆಯಿಂದ ಕಾಟ್ಪಾಡಿಗೆ ರೈಲು, ಅಲ್ಲಿಂದ ಬಸ್ಸು. 250 ಮಿಲಿಲೀಟರ್‌ನ ಹೊಸ ಪ್ಲಾಸ್ಟಿಕ್ ಬಾಟಲಿ ಹನ್ನೆರಡು, ಒಂದಕ್ಕೆ 18.

ಅಲ್ಲಿ ಮಾತಿನ ಎಡವಟ್ಟು ಒಂದಾಯಿತು. ಭಾವ ಪಕ್ಕದ ಮನೆ ಹುಡುಗನಿಗೆ ನನ್ನನ್ನು "ಏರಿ"ಗೆ ಕರೆದುಕೊಂಡು ಹೋಗು ಅಂದರು. ನಾನು ಏರಿ ಮೇಲೆ ಹತ್ತಿ ನಿಂತೆ, ಹುಡುಗ ಕೆಳಗೆ ನೀರಿನ ಹತ್ತಿರ ಕಾಯುತ್ತಿದ್ದ. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ನಮಗೆ ಕೆರೆಯ ಕಟ್ಟೆ.

ತೂಬಿನ ಹತ್ತಿರ ಎರಡು, ಕೋಡಿಯ ಹತ್ತಿರ ಎರಡು, ನೀರು ಒಳಗೆ ಬರುವ ಕಾಲುವೆಯ ಬಾಯಲ್ಲಿ ಎರಡು. ಪ್ರತಿ ಬಾಟಲಿಯನ್ನೂ ಅದೇ ನೀರಲ್ಲಿ ಮೂರು ಸಲ ತೊಳೆದು, ಮೇಲಿನ ಪಾಚಿ ಬರದ ಹಾಗೆ ಮೊಳಕೈ ಆಳಕ್ಕೆ ಮುಳುಗಿಸಿ ತುಂಬಿದೆ. ಇಲ್ಲಿಯವರೆಗೆ ಎಲ್ಲ ಸರಿ.

ಲೋಹದ ಪರೀಕ್ಷೆಗೆ ನೀರು ಹಿಡಿದರೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಡಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟುತ್ತದೆ ಅಂತ ಓದಿದ್ದೆ. ಆರು ಬಾಟಲಿಗೂ ಹನಿ ಹಾಕಿ, ಮುಚ್ಚಿ, ಬೆಂಗಳೂರಿಗೆ ತಂದೆ.

ಹಂತ 5: ಆಗಸ್ಟ್ 13. ಸೊನ್ನೆ

ಆರಕ್ಕೆ ಆರೂ ಸೊನ್ನೆ. ಒಂದರಲ್ಲೂ ಚೂರೂ ಕೆಂಪಿಲ್ಲ. ಅಕ್ಕನಿಗೆ ಫೋನ್ ಮಾಡಿ, "ನಿಮ್ಮ ಕೆರೆ ನೀರಲ್ಲಿ ಏನೂ ಇಲ್ಲ ಕಣೇ" ಅಂದೆ. ಅವಳು ಪಕ್ಕದ ಮನೆಯವರಿಗೆ ಹೇಳಿದಳು. ಅವರು ಇನ್ನೊಬ್ಬರಿಗೆ.

ಮೇಷ್ಟ್ರಿಗೂ ಹೇಳಿದೆ. ಅವರು ಒಂದೇ ಕೇಳಿದರು: "ಅದೇ ನೀರಿಗೆ ನೀನೇ ಕ್ರೋಮಿಯಂ ಹಾಕಿ ನೋಡಿದೆಯಾ? ವಾಪಸ್ ಬಂತಾ?"

ಹಾಕಿರಲಿಲ್ಲ.

ಹಂತ 6: ಆಗಸ್ಟ್ 17 ಮತ್ತು 18. ಹಾಕಿದ್ದು ಎಲ್ಲಿ ಹೋಯಿತು

ಆಮ್ಲ ಹಾಕಿದ್ದ ಕೆರೆ ನೀರು 50 ಮಿಲಿಲೀಟರ್ ತೆಗೆದು, 10 ಮಿಲಿಗ್ರಾಂನ ದ್ರಾವಣ ಅರ್ಧ ಮಿಲಿಲೀಟರ್ ಸೇರಿಸಿದೆ. 0.1 ಬರಬೇಕು. ಒಂದು ಗಂಟೆ ಬಿಟ್ಟು ಓದಿದಾಗ 0.07. ಇನ್ನೊಂದು ಅದೇ ಥರ ಮಾಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ 0.02.

ನಲ್ಲಿ ನೀರಿಗೆ ಹಾಕಿದ್ದು ಬೆಳಿಗ್ಗೆಯೂ 0.1 ಆಗೇ ಇತ್ತು.

ಮೀಟರ್ ಸರಿ ಇದೆ. ಬಾಟಲಿಯೊಳಗೇ ಕ್ರೋಮಿಯಂ-6 ಮಾಯ ಆಗುತ್ತಿದೆ. ಕಾರಣ ನಾನೇ ಹಾಕಿದ ಆಮ್ಲ. ಕೆರೆ ನೀರಲ್ಲಿ ಪಾಚಿ, ಕೊಳೆತ ಎಲೆ, ಸಗಣಿಯ ಸಾರ, ಎಲ್ಲ ಇರುತ್ತದೆ. ಹುಳಿ ನೀರಲ್ಲಿ ಇವು ಕ್ರೋಮಿಯಂ-6ನ್ನು ಕ್ರೋಮಿಯಂ-3 ಮಾಡಿಬಿಡುತ್ತವೆ. ಕ್ರೋಮಿಯಂ-3ಕ್ಕೆ ಬಣ್ಣ ಬರುವುದಿಲ್ಲ. ಆಮ್ಲ ಹಾಕಿಡುವುದು ಒಟ್ಟು ಲೋಹ ನೋಡುವುದಕ್ಕೆ ಸರಿ. ಕ್ರೋಮಿಯಂ-6ಕ್ಕೆ ಹಾಕಲೇಬಾರದು. ಸೋಸಿ, ತಣ್ಣಗೆ ಇಟ್ಟು, 24 ಗಂಟೆಯೊಳಗೆ ಓದಬೇಕು. ಪರೀಕ್ಷೆಯಲ್ಲಿ ಹಾಕುವ ಗಂಧಕಾಮ್ಲ ಬೇರೆ ಮಾತು, ಅದು ಹಾಕಿದ ತಕ್ಷಣ ಬಣ್ಣದ ದ್ರಾವಣವೂ ಬೀಳುತ್ತದೆ, ಕಾಯಲು ಸಮಯ ಕೊಡುವುದಿಲ್ಲ.

ನನ್ನ ಮೊದಲ ಸೊನ್ನೆಗೆ ಅರ್ಥವೇ ಇರಲಿಲ್ಲ. ನೀರಲ್ಲಿ ಒಂದು ವೇಳೆ ಇದ್ದಿದ್ದರೂ ಸೊನ್ನೆಯೇ ಬರುತ್ತಿತ್ತು.

ಅಕ್ಕನಿಗೆ ಮತ್ತೆ ಫೋನ್ ಮಾಡುವುದು ಈ ಇಡೀ ಕೆಲಸದಲ್ಲಿ ಕಷ್ಟದ್ದು. "ನಾನು ಹೇಳಿದ್ದು ತಪ್ಪು, ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ" ಅಂದೆ. "ಹಾಗಾದ್ರೆ ಇದೆ ಅಂತಾನಾ?" ಅಂದಳು. ಅದೂ ಅಲ್ಲ ಅಂತ ಬಿಡಿಸಿ ಹೇಳಲು ಇಪ್ಪತ್ತು ನಿಮಿಷ. ಅಕ್ಕಪಕ್ಕದವರಿಗೂ ಅವಳೇ ಹೇಳಬೇಕಾಯಿತು. ಭಾವ ಮಾತ್ರ ನಕ್ಕರು.

ಹಂತ 7: ಸೆಪ್ಟೆಂಬರ್, ಅಕ್ಟೋಬರ್. ಕೆರೆ ದಡಕ್ಕೆ ಹೋಗುವ ಮೀಟರ್

ನೀರು ಮನೆಗೆ ತರುವ ಬದಲು ಮೀಟರನ್ನೇ ಅಲ್ಲಿಗೆ ಒಯ್ಯಬೇಕು.

ಪವರ್ ಬ್ಯಾಂಕ್‌ಗೆ ಹಾಕಿದೆ. ಅರ್ಧ ನಿಮಿಷಕ್ಕೆ ಆಫ್. ಮತ್ತೆ ಹಾಕಿದೆ, ಮತ್ತೆ ಆಫ್. ವೈರ್ ಬದಲಿಸಿದೆ, ನ್ಯಾನೊ ಬದಲಿಸಿದೆ. ನನ್ನ ಇಡೀ ಮೀಟರ್ ತಿನ್ನುವುದು 35 ಮಿಲಿಆಂಪ್, ಪವರ್ ಬ್ಯಾಂಕ್ ಏನೂ ಸಿಕ್ಕಿಸಿಲ್ಲ ಅಂದುಕೊಂಡು ಮಲಗುತ್ತಿತ್ತು. ದಿನಾ ಯುಪಿಎಸ್ ಬಿಚ್ಚುವವನಿಗೆ ಇದು ಎರಡು ದಿನ ಹೊಳೆಯಲಿಲ್ಲ! 5 ವೋಲ್ಟ್‌ಗೆ ಅಡ್ಡವಾಗಿ 47 ಓಮ್, 1 ವಾಟ್ ರೆಸಿಸ್ಟರ್ ಸುಮ್ನೆ ಹಾಕಿದೆ, 100 ಮಿಲಿಆಂಪ್ ದಂಡಕ್ಕೆ. ಆಮೇಲೆ ಮಲಗಲಿಲ್ಲ. ಅದು ಬಿಸಿಯಾಗುತ್ತದೆ, ಎಲ್‌ಇಡಿಯಿಂದ ದೂರ ಇಡಿ.

ಬಿಸಿಲಲ್ಲಿ ಎಲ್‌ಇಡಿ ಆರಿಸಿದರೂ ಸೆನ್ಸರ್ 60 ಲಕ್ಸ್ ತೋರಿಸಿತು. ನೀರು ತುಂಬುವ ತೂತಿನಿಂದ ಬೆಳಕು ಒಳಗೆ ಬರುತ್ತಿತ್ತು. ಕಪ್ಪು ಇನ್ಸುಲೇಷನ್ ಟೇಪು, ಮೇಲೊಂದು ಹಳೆಯ ಸ್ಟೀಲ್ ಡಬ್ಬಿ ಬೋರಲು.

ಸೋಸುವುದಕ್ಕೆ 0.45 ಮೈಕ್ರಾನ್‌ನ ಸಿರಿಂಜ್ ಫಿಲ್ಟರ್ ಇಪ್ಪತ್ತು, ಒಂದಕ್ಕೆ 35. ಹಲಸೂರು ಕೆರೆ ನೀರಲ್ಲಿ ಪ್ರಯೋಗ ಮಾಡಿದೆ. ಹದಿನೈದು ಮಿಲಿಲೀಟರ್‌ಗೇ ಕಟ್ಟಿಕೊಂಡಿತು. ಮೊದಲು ಫಿಲ್ಟರ್ ಪೇಪರಿನಲ್ಲಿ ಸೋಸಿ ಆಮೇಲೆ ಸಿರಿಂಜ್‌ಗೆ ಹಾಕಿದರೆ ಒಂದರಲ್ಲೇ 50 ಆಗುತ್ತದೆ. ಜೋರಾಗಿ ಒತ್ತಿದರೆ ಫಿಲ್ಟರ್ ಒಳಗಿನ ಪೊರೆ ಹರಿದುಹೋಗುತ್ತದೆ, ಗೊತ್ತೂ ಆಗುವುದಿಲ್ಲ. ಎರಡು ಹಾಗೆ ಹೋಯಿತು.

ಸೋಸಿದ ಮೇಲೂ ನೀರು ತೆಳು ಟೀ ಬಣ್ಣ. ಅದಕ್ಕೆ ಪ್ರತಿ ನೀರಿಗೂ ಬಣ್ಣದ ದ್ರಾವಣ ಹಾಕದ ಒಂದು ಜೋಡಿ ಓದಿ ಕಳೆಯಬೇಕು. 5 ಸೆಂಟಿಮೀಟರ್ ದಾರಿಯಲ್ಲಿ ಈ ಟೀ ಬಣ್ಣವೇ 0.01 ಮಿಲಿಗ್ರಾಂನಷ್ಟು ಸುಳ್ಳು ಹೇಳುತ್ತಿತ್ತು.

ಹಂತ 8: ನವೆಂಬರ್ 9 ಮತ್ತು 10. ಎರಡನೇ ಸಲ

ದೀಪಾವಳಿ ಮುಗಿಸಿ ಹೋದೆ. ಹೊಸದಾಗಿ ಕರಗಿಸಿದ ಬಣ್ಣದ ದ್ರಾವಣ ಐಸ್ ಡಬ್ಬಿಯಲ್ಲಿ, ಜೊತೆಗೆ ಹಿಂದಿನ ದಿನ ಸಂಜೆ ಬೇತಮಂಗಲದಲ್ಲಿ ಹಿಡಿದ ನೀರು. ಅಕ್ಕನ ಮನೆ ತಾರಸಿಯ ನೀರಿನ ಟ್ಯಾಂಕಿನ ನೆರಳೇ ಲ್ಯಾಬ್. ಬೇತಮಂಗಲದ್ದು ಬಿಟ್ಟು ಉಳಿದವನ್ನು ಹಿಡಿದ ಒಂದು ಗಂಟೆಯೊಳಗೆ ಓದಿದ್ದು:

ಬೇತಮಂಗಲ: 0.02ಕ್ಕಿಂತ ಕಡಿಮೆ
ತೂಬಿನ ಹತ್ತಿರ: 0.02ಕ್ಕಿಂತ ಕಡಿಮೆ
ಕೋಡಿಯ ಹತ್ತಿರ: 0.02ಕ್ಕಿಂತ ಕಡಿಮೆ
ಕಾಲುವೆಯ ಬಾಯಿ: 0.04, ಎರಡನೇ ಬಾಟಲಿ 0.03
ತೂಬಿನ ನೀರಿಗೆ ನಾನೇ 0.1 ಹಾಕಿದ್ದು: 0.092 ವಾಪಸ್

ಕೊನೆಯ ಸಾಲು ನೋಡಿ ಸಮಾಧಾನವಾಯಿತು. ಈ ಸಲ ಹಾಕಿದ್ದು ಓಡಿಹೋಗಿಲ್ಲ. ಹಾಗಾಗಿ ತೂಬಿನ ಹತ್ತಿರದ "ಕಡಿಮೆ" ನಿಜವಾದ ಕಡಿಮೆ. ಕಾಲುವೆಯ ಬಾಯಲ್ಲಿ ತೆಳು ಗುಲಾಬಿ ಬಣ್ಣ ಬರಿಗಣ್ಣಿಗೂ ಕಾಣುತ್ತಿತ್ತು, ಬಿಳಿ ಕಾಗದದ ಮೇಲೆ ಹಿಡಿದರೆ. ಅಕ್ಕ ಬಗ್ಗಿ ನೋಡಿ ಏನೂ ಮಾತಾಡಲಿಲ್ಲ.

ಕಾಲುವೆಯ ಒಂದು ಬಾಟಲಿಗೆ, ಈ ಸಲ ಸರಿಯಾದ ಕಾರಣಕ್ಕೆ, ನೈಟ್ರಿಕ್ ಆಮ್ಲ ಹಾಕಿ ಬೆಂಗಳೂರಿನ ಒಂದು ಮಾನ್ಯತೆ ಇರುವ ಲ್ಯಾಬಿಗೆ ಕೊಟ್ಟೆ. ಒಟ್ಟು ಕ್ರೋಮಿಯಂ ಒಂದಕ್ಕೆ 1,200 ರೂ. ನವೆಂಬರ್ 26ಕ್ಕೆ ವರದಿ ಬಂತು: 0.06. ಒಟ್ಟು ಅಂದರೆ 3 ಮತ್ತು 6 ಎರಡೂ ಸೇರಿ. ನನ್ನ 0.03, 0.04 ಅದರ ಒಳಗೆ ಕೂರುತ್ತದೆ. ನನ್ನದು ಲ್ಯಾಬಿಗಿಂತ ಜಾಸ್ತಿ ಬಂದಿದ್ದರೆ ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು.

ಕುಡಿಯುವ ನೀರಿನ ಗೆರೆ 0.05. ಕೆರೆ ನೀರನ್ನು ಅಲ್ಲಿ ಯಾರೂ ಕುಡಿಯುವುದಿಲ್ಲ, ದನ ಕುಡಿಯುತ್ತವೆ. ಅಕ್ಕನಿಗೆ ಹೇಳಿದ್ದು ಇಷ್ಟೇ: ಕಾಲುವೆಯ ಬಾಯಲ್ಲಿ ಸ್ವಲ್ಪ ಇದೆ, ತೂಬು, ಕೋಡಿಯ ಹತ್ತಿರ ನನ್ನ ಮೀಟರ್‌ಗೆ ಸಿಗುವಷ್ಟಿಲ್ಲ, ಬೋರ್‌ವೆಲ್ ನೋಡಿಲ್ಲ. ಈ ಸಲ ಅವಳು ಯಾರಿಗೂ ಹೇಳಲಿಲ್ಲ. "ಮೊದ್ಲು ಬೋರ್ ನೋಡು, ಆಮೇಲೆ ಹೇಳ್ತೀನಿ" ಅಂದಳು.

ಖರ್ಚು

ಮೇಲಿನದ್ದಕ್ಕೆ ಪಿಎಚ್ ಪಟ್ಟಿ 120, ಎರಡು ಸಲದ ರೈಲು-ಬಸ್ಸು 1,100 ಸೇರಿಸಿದರೆ ಒಟ್ಟು 5,846 ರೂ. ಎಸೆದ 640ರ ಪಟ್ಟಿ, ಮೆತ್ತಗಾದ ಡಬ್ಬಿ ಇದರಲ್ಲಿ ಸೇರಿಲ್ಲ. ಮೀಟರ್‌ನದಷ್ಟೇ ಅಂದರೆ 780.

ಎಲ್ಲಿ ಸಿಕ್ಕಿಕೊಂಡಿದ್ದೇನೆ

ಒಂದು, ಕೆಸರು. ಕೆರೆಯ ತಳದ ಕೆಸರಲ್ಲೂ ಕ್ರೋಮಿಯಂ-6 ಹೋಗಿ 3 ಆಗಿ ಕೂರುತ್ತದೆ. ಹಾಗಾಗಿ ಬಂದಿದ್ದೆಲ್ಲ ತಳದಲ್ಲಿರಬಹುದು. ಕೆಸರನ್ನು ಬಲವಾದ ಆಮ್ಲದಲ್ಲಿ ಬೇಯಿಸಿ ಕರಗಿಸಬೇಕು, ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ತೂಬಿನ ಹತ್ತಿರ ತೆಗೆದ ಎರಡು ಡಬ್ಬಿ ಕೆಸರು ಹಾಗೇ ಇದೆ.

ಎರಡು, ಆ ಅರ್ಧ ಲೀಟರ್ ಕಿತ್ತಳೆ ನೀರು. ಚರಂಡಿಗೆ ಚೆಲ್ಲಲು ಮನಸ್ಸು ಬರಲಿಲ್ಲ. ಮೇಷ್ಟ್ರು ಹೇಳಿದ ಹಾಗೆ ಸ್ವಲ್ಪ ಗಂಧಕಾಮ್ಲ ಹಾಕಿ, ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಹಾಕುತ್ತಾ ಹೋದೆ. 500 ಮಿಲಿಗ್ರಾಂನ ಹನ್ನೆರಡು ಮಾತ್ರೆಗೆ ಕಿತ್ತಳೆ ಹೋಗಿ ಹಸಿರಾಯಿತು. ಒಂದು ಹನಿ ತೆಗೆದು ನೋಡಿದೆ, ಕೆಂಪು ಬರಲಿಲ್ಲ. ಆಮೇಲೆ ಸುಣ್ಣದ ತಿಳಿ ಹಾಕಿದಾಗ ಬೂದು ಹಸಿರು ಗಷ್ಟು ಕೆಳಗೆ ಕೂತಿತು. ಮೇಲಿನ ನೀರನ್ನೂ ಚೆಲ್ಲಿಲ್ಲ. ಕಾಲೇಜಿನವರು ಲ್ಯಾಬಿನ ಕಸ ಕಳಿಸುವಾಗ ಇದನ್ನೂ ಸೇರಿಸುತ್ತೇವೆ ಅಂದಿದ್ದಾರೆ. ಅಲ್ಲಿಯವರೆಗೆ ಬಾಟಲಿ ಸಜ್ಜಾದ ಮೇಲಿದೆ, ಅಮ್ಮನ ಕೈಗೆ ಸಿಗದ ಹಾಗೆ, ಮೇಲೆ ದೊಡ್ಡಕ್ಷರದಲ್ಲಿ ಚೀಟಿ ಅಂಟಿಸಿ.